ಬಿಳಿ ಅಕ್ಷರಕ್ಕೆ ಕೆಂಪು, ನೀಲಿ ಅಂಚು

ಪ್ರಶ್ನೆ: ಹಳೆಯ ಆರ್ಕೇಡ್ ಗೇಮ್ ಯಂತ್ರವೊಂದನ್ನು ಕೊಂಡಿದ್ದೇನೆ. ಪರದೆಯ ಬಿಳಿ ಅಕ್ಷರಗಳಿಗೆ ಒಂದು ಬದಿ ಕೆಂಪು, ಇನ್ನೊಂದು ಬದಿ ನೀಲಿ ಅಂಚು ಕಾಣುತ್ತದೆ. ಮನೆಯಲ್ಲೇ ಸರಿಪಡಿಸಬಹುದೇ?

ಉತ್ತರ: ಸರಿಪಡಿಸಬಹುದು, ಆದರೆ ಆತುರ ಬೇಡ. ಪಿಕ್ಚರ್ ಟ್ಯೂಬಿನೊಳಗಿನ ಕೆಂಪು, ಹಸಿರು, ನೀಲಿ ಕಿರಣಗಳು ಒಂದೇ ಜಾಗದಲ್ಲಿ ಕೂಡದಿದ್ದಾಗ ಹೀಗಾಗುತ್ತದೆ.

ಮಾನಿಟರ್ ಆನ್ ಮಾಡಿ, ಅರ್ಧ ಗಂಟೆ ಬಿಸಿಯಾಗಲು ಬಿಡಿ. ಪರದೆಯಲ್ಲಿ ಬಣ್ಣದ ಕಲೆಗಳೂ ಇದ್ದರೆ ಮೊದಲು ಡಿಗಾಸ್ ಮಾಡಿ, ಅಂದರೆ ಟ್ಯೂಬಿಗೆ ಅಂಟಿದ ಕಾಂತತ್ವ ತೆಗೆಯಿರಿ. ಬಳಿಕ ಟೆಸ್ಟ್ ಮೆನುವಿನಲ್ಲಿ ಬಿಳಿ ಚೌಕುಳಿ ಗೆರೆಗಳನ್ನು ತೆರೆಯಿರಿ.

ಪರದೆಯ ನಡುವೆಯೇ ಗೆರೆಗಳು ಬೇರೆಯಾಗಿದ್ದರೆ ಟ್ಯೂಬಿನ ಕುತ್ತಿಗೆಯಲ್ಲಿರುವ ಉಂಗುರದಾಕಾರದ ಮ್ಯಾಗ್ನೆಟ್‌ಗಳನ್ನು ಹೊಂದಿಸಬೇಕು. ಮುಟ್ಟುವ ಮುನ್ನವೇ ಅವುಗಳ ಸ್ಥಾನಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ. 4 ಧ್ರುವದ ಜೋಡಿಯಿಂದ ಕೆಂಪು, ನೀಲಿ ಗೆರೆಗಳನ್ನು ಒಂದಾಗಿಸಿ. 6 ಧ್ರುವದ ಜೋಡಿಯಿಂದ ಅವೆರಡನ್ನೂ ಹಸಿರಿನ ಮೇಲೆ ಕೂರಿಸಿ. 2 ಧ್ರುವದ ಜೋಡಿ ಬಣ್ಣದ ಶುದ್ಧತೆಗೆ ಸಂಬಂಧಿಸಿದ್ದು, ಅದರ ಗೊಡವೆಗೆ ಹೋಗಬೇಡಿ.

ನಡು ಸರಿಯಿದ್ದು ಅಂಚಿನಲ್ಲಷ್ಟೇ ದೋಷವಿದ್ದರೆ, ಕುತ್ತಿಗೆಯ ಬುಡದಲ್ಲಿ ಕಿರಣಗಳನ್ನು ಬಾಗಿಸುವ ತಂತಿ ಸುರುಳಿ, ಅಂದರೆ ಯೋಕ್, ಓರೆಯಾಗಿರಬಹುದು. ಅದರ ಸುತ್ತಲಿನ ರಬ್ಬರ್ ಬೆಣೆಗಳ ಅಂಟು ವರ್ಷಗಳಲ್ಲಿ ಬಿಟ್ಟುಹೋಗುತ್ತದೆ. ಯೋಕನ್ನು ಕೂದಲೆಳೆಯಷ್ಟು ಓರೆ ಮಾಡಿ ನೋಡಿ, ಸರಿಬಂದಲ್ಲಿ ಬೆಣೆಗಳನ್ನು ಅಂಟಿಸಿ. ಮೂಲೆಯಲ್ಲಿ ತುಸು ದೋಷ ಉಳಿದರೆ ಬಿಟ್ಟುಬಿಡಿ. ಈ ಟ್ಯೂಬುಗಳಲ್ಲಿ ಅದು ಸಹಜ.

ಒಂದು ಎಚ್ಚರಿಕೆ. ಟ್ಯೂಬಿಗೆ ದಪ್ಪ ತಂತಿ ಸೇರುವ ರಬ್ಬರ್ ಮುಚ್ಚಳದಲ್ಲಿ (ಆನೋಡ್ ಕ್ಯಾಪ್) ಸುಮಾರು 20,000 ವೋಲ್ಟ್ ಇರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಉಳಿದಿರಬಹುದು. ವಾಚು, ಬಳೆ ತೆಗೆದಿಡಿ, ಒಂದೇ ಕೈ ಬಳಸಿ. ವಿದ್ಯುತ್ ಕೆಲಸದ ಅನುಭವವಿಲ್ಲದಿದ್ದರೆ ಹಳೆಯ ಟಿವಿ ಮೆಕ್ಯಾನಿಕ್ಕನ್ನೇ ಕರೆಸಿ. ಕಲರ್ ಟಿವಿ ರಿಪೇರಿ ಮಾಡಿದವರಿಗೆ ಈ ಕೆಲಸ ಹೊಸದಲ್ಲ.