ದೇವಣಿ ಆಕಳು ಒದೆಯುತ್ತಿದೆ, ಮಾರಿಬಿಡಲೇ?

ಪ್ರಶ್ನೆ: ನಾವು ಭಾಲ್ಕಿ ಕಡೆಯವರು. ಯಜಮಾನರ ಕೆಲಸದಿಂದಾಗಿ ವೈಜಾಪುರದಲ್ಲಿದ್ದೇವೆ, ಎರಡು ಎಕರೆ ಹೊಲವಿದೆ. ಮಕ್ಕಳಿಗೆ ಮನೆಯ ಹಾಲಿರಲಿ ಎಂದು ಸಂತೆಯಿಂದ ಚೊಚ್ಚಲ ದೇವಣಿ ಆಕಳನ್ನು ಕರುವಿನ ಸಮೇತ ತಂದೆವು. 'ಬಲು ಸಾಧು' ಎಂದಿದ್ದರು. ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತದೆ, ಅರ್ಧ ಲೀಟರಿಗೇ ನಿಲ್ಲಿಸುತ್ತದೆ. ಹಿಂಗಾಲು ಕಟ್ಟಿ ಹಿಂಡು ಎನ್ನುತ್ತಾರೆ ಅತ್ತೆ. ಇಂಜೆಕ್ಷನ್ ಕೊಡಿಸಿ ಎನ್ನುತ್ತಾರೆ ಪಕ್ಕದ ಹೊಲದವರು. ನನಗೀಗ ಹತ್ತಿರ ಹೋಗಲೂ ಭಯ. ಮಾರಿಬಿಡಲೇ?
– ಓದುಗರು, ವೈಜಾಪುರ

ಉತ್ತರ: ಅಕ್ಕಾ, ಮಾರುವ ಮಾತು ಈಗಲೇ ಬೇಡ. ಮೊದಲು ನೋವಿದೆಯೇ ನೋಡಿ. ಮೊಲೆ ಬಿರಿದಿದ್ದರೆ, ಕರುವಿನ ಹಲ್ಲು ತಾಗಿ ಗಾಯವಾಗಿದ್ದರೆ ಅದು ಒದೆಯದೆ ಇನ್ನೇನು ಮಾಡೀತು? ಪ್ರತಿ ಮೊಲೆಯ ಮೊದಲ ಎರಡು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ. ಗಂಟು ಕಂಡರೆ, ಹಾಲು ನೀರಾಗಿದ್ದರೆ, ಕೆಚ್ಚಲು ಬಿಸಿಯಾಗಿ ಗಟ್ಟಿಯಾಗಿದ್ದರೆ ಅದು ಕೆಚ್ಚಲು ಬಾವು. ತಡಮಾಡದೆ 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸಿ. ಔಷಧಿ ಕೊಟ್ಟರೆ ಎಷ್ಟು ದಿನದ ಹಾಲನ್ನು ಮಕ್ಕಳಿಗೆ ಕೊಡಬಾರದೆಂದೂ ಕೇಳಿಕೊಳ್ಳಿ.

ನೋವಿಲ್ಲದಿದ್ದರೆ ಉಳಿದದ್ದು ಭಯ. ಚೊಚ್ಚಲ, ಹೊಸ ಊರು, ಹೊಸ ಕೈ, ಸಾಲದ್ದಕ್ಕೆ ಕೊಟ್ಟಿಗೆಯಲ್ಲಿ ಒಂಟಿ. ಕರು ಬಾಯಿ ಹಾಕಿದಾಗ ಆಕಳ ಮೈಯಲ್ಲಿ ಆಕ್ಸಿಟೋಸಿನ್ ಹರಿದು ಒಂದೆರಡು ನಿಮಿಷದಲ್ಲಿ ಸೊರ ಇಳಿಯುತ್ತದೆ. ಅದರ ಪ್ರಭಾವ ಐದಾರು ನಿಮಿಷದ್ದು. ಅಷ್ಟರಲ್ಲಿ ಗದರಿದರೆ, ಹಗ್ಗ ಬಿಗಿದರೆ ಅಡ್ರಿನಲಿನ್ ಏರಿ ಸೊರ ಅಲ್ಲಿಗೇ ನಿಲ್ಲುತ್ತದೆ. ಅತ್ತೆಯವರ ಹಗ್ಗದಿಂದ ನಿಮ್ಮ ಮೊಣಕಾಲು ಉಳಿದೀತು, ಹಾಲು ಇಳಿಯದು. ಇಂಜೆಕ್ಷನ್ ಮಾತನ್ನಂತೂ ಕಿವಿಗೆ ಹಾಕಿಕೊಳ್ಳಬೇಡಿ. ಅದಕ್ಕೆ ಒಗ್ಗಿದ ಆಕಳು ಸೂಜಿಯಿಲ್ಲದೆ ಸೊರ ಬಿಡದಂತಾಗುತ್ತದೆ. ಹಾಲಿಗಾಗಿ ಆಕಳ ಆರೋಗ್ಯ ಕೆಡಿಸುವ ಚುಚ್ಚುಮದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ಹಾಲಿನ ಹೊತ್ತಲ್ಲದಾಗ ಹೋಗಿ ಗಂಗೆದೊಗಲು ತುರಿಸಿ. ಕಣ್ಣು ಅರೆಮುಚ್ಚಿ ಕತ್ತು ಚಾಚಿತೆಂದರೆ ಅರ್ಧ ಗೆದ್ದಂತೆ. ಆಮೇಲೆ ಬೆನ್ನು, ತೊಡೆ, ಕೊನೆಗೆ ಕೆಚ್ಚಲು. ಹಿಂಡುವವರು ನೀವೊಬ್ಬರೇ ಆಗಿರಲಿ, ದಿನವೂ ಅದೇ ಹೊತ್ತು, ಅದೇ ಬದಿ. ಉಗುರು ಕತ್ತರಿಸಿಕೊಳ್ಳಿ, ಹೆಬ್ಬೆರಳು ಮಡಚಿ ಎಳೆಯಬೇಡಿ, ಮುಷ್ಟಿಯಿಂದ ಹಿಂಡಿ. ಮುಂದೆ ಒಂದಿಷ್ಟು ಹತ್ತಿಕಾಳು ಹಿಂಡಿ ಇಡಿ. ಸೊರ ಬಂದ ಮೇಲೆ ಕರುವನ್ನು ದೂರ ಒಯ್ಯದೆ ತಾಯಿಯ ಮುಖದ ಬಳಿಯೇ ಕಟ್ಟಿ, ನೆಕ್ಕುತ್ತಿರಲಿ. ಎಲ್ಲ ಸರಿಹೋದರೂ ದೇವಣಿಯಿಂದ ದಿನಕ್ಕೆ ಮೂರು-ನಾಲ್ಕು ಲೀಟರಿಗಿಂತ ಹೆಚ್ಚು ಬಯಸಬೇಡಿ, ಅದರಲ್ಲಿ ಕರುವಿನ ಪಾಲೂ ಇದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುಗಳ ಹಾಲಿನ ಲೆಕ್ಕ ನಿಮಗೆ ಬೇಡ.

ತಿಂಗಳೆರಡಾದರೂ ಬಗ್ಗದಿದ್ದರೆ ಮಾರಿ, ಒದೆಯುತ್ತದೆಂದು ಹೇಳಿಯೇ ಮಾರಿ. ಮುಂದಿನದನ್ನು ಸಂತೆಯಲ್ಲಿ ಕೊಳ್ಳದೆ ಸಾಕಿದವರ ಕೊಟ್ಟಿಗೆಗೇ ಹೋಗಿ. ಸಂಜೆ ನೀವೇ ಕೂತು ಹಿಂಡಿ ನೋಡಿ, ಮರುದಿನ ಬೆಳಿಗ್ಗೆ ಮತ್ತೊಮ್ಮೆ. ಒಂದು ಹೊತ್ತು ಹಿಂಡದೆ ಬಿಟ್ಟು, ತುಂಬಿದ ಕೆಚ್ಚಲು ತೋರಿಸುವವರೂ ಇದ್ದಾರೆ.