ಮೈಲುತುತ್ತು ಕುದಿಯುತ್ತದೆಯೇ?

ಕೊಳೆರೋಗಕ್ಕೆ ಮದ್ದು ಬಿಡುವ ತಯಾರಿಯಲ್ಲಿದ್ದಾಗ ನೆರೆಯ ಕೃಷಿಕರೊಬ್ಬರು ಕೇಳಿದರು: "ಮೈಲುತುತ್ತಿಗೆ ಬಿಸಿನೀರು ಹೊಯ್ದಾಗ ಹಬೆ ಏಳುತ್ತದಲ್ಲ, ಅದು ವಿಷವಾ? ಇದರ ಕುದಿಬಿಂದು ಎಷ್ಟು ಮಾರಾಯ್ರೆ?"

ಪ್ರಶ್ನೆ ಒಳ್ಳೆಯದೇ. ಪೆಟ್ರೋಲಿನಂಥ ದ್ರವವಾದರೆ ಕುದಿಬಿಂದು ತಿಳಿದರೆ ಉಪಯೋಗವುಂಟು. ಅದು ಕಡಿಮೆ ಇದ್ದಷ್ಟೂ ಆವಿ ಬೇಗ ಏಳುತ್ತದೆ, ಬೆಂಕಿಯ ಭಯ ಹೆಚ್ಚು. ಲವಣಗಳ ಕತೆ ಬೇರೆ. ನಮ್ಮ ಅಡುಗೆ ಉಪ್ಪು ಕರಗಿ ದ್ರವವಾಗಲಿಕ್ಕೇ ಸುಮಾರು 800 ಡಿಗ್ರಿ ಸೆಲ್ಸಿಯಸ್ ಬೇಕು, ಕುದಿಯಲು 1,400ಕ್ಕೂ ಮೇಲೆ. ಮೈಲುತುತ್ತು ಅಲ್ಲಿವರೆಗೆ ಹೋಗುವುದೇ ಇಲ್ಲ, ಕುದಿಯುವ ಮೊದಲೇ ಒಡೆದುಹೋಗುತ್ತದೆ.

ನೀಲಿ ಹರಳಿನೊಳಗೆ ನೀರು ಸೇರಿಕೊಂಡಿದೆ. ಕಾಯಿಸುತ್ತಾ ಹೋದರೆ ಆ ನೀರು ಹಂತಹಂತವಾಗಿ ಹೊರಬಿದ್ದು, 250 ಡಿಗ್ರಿ ಆಗುವಷ್ಟರಲ್ಲಿ ಬಿಳಿಚಿದ ಪುಡಿ ಉಳಿಯುತ್ತದೆ. 600 ದಾಟಿದ ಮೇಲೆ ಆ ಪುಡಿಯೂ ಒಡೆದು ತಾಮ್ರದ ಕಪ್ಪು ಆಕ್ಸೈಡು ಮತ್ತು ಗಂಧಕದ ಘಾಟು ಹೊಗೆ ಆಗುತ್ತದೆ. ಈ ಹೊಗೆ ತೇವಕ್ಕೆ ತಾಗಿದರೆ ಗಂಧಕಾಮ್ಲ. ನಮ್ಮ ಗಂಟಲೂ ತೇವವೇ ಅಲ್ಲವೇ? ಸುರಕ್ಷತಾ ಹಾಳೆಯಲ್ಲಿ ಕುದಿಬಿಂದುವಿನ ಎದುರು "ಅನ್ವಯಿಸದು" ಅಥವಾ "ವಿಭಜನೆಯಾಗುತ್ತದೆ" ಎಂದಿದ್ದರೆ ಅರ್ಥ ಇದು. ಅಪಾಯ ಇಲ್ಲವೆಂದಲ್ಲ.

ಬಿಸಿನೀರು 100 ಡಿಗ್ರಿ ದಾಟದು. ಹಾಗಾಗಿ ಏಳುವ ಹಬೆ ಬರೀ ನೀರಿನದ್ದು. ಆದರೆ ಪಾತ್ರೆಯನ್ನು ಒಲೆಯ ಮೇಲಿಟ್ಟು ಕೊತಕೊತ ಕುದಿಸಬಾರದು, ಸಿಡಿಯುವ ಹನಿಯಲ್ಲಿ ತುತ್ತು ಇರುತ್ತದೆ. ಪ್ಲಾಸ್ಟಿಕ್ ಬಕೆಟಿನಲ್ಲಿ ಹದಬಿಸಿ ನೀರು ಸಾಕು. ಗೋಣಿತುಂಡಿನಲ್ಲಿ ಕಟ್ಟಿ ರಾತ್ರಿ ತಣ್ಣೀರಲ್ಲೇ ತೂಗಿಬಿಟ್ಟರೂ ಬೆಳಗ್ಗೆ ಕರಗಿರುತ್ತದೆ, ನಾನು ಮಾಡುವುದು ಹೀಗೆ. ಕಬ್ಬಿಣದ ಪಾತ್ರೆ ಬೇಡವೇ ಬೇಡ. ತುತ್ತು ಕಬ್ಬಿಣವನ್ನು ತಿನ್ನುತ್ತದೆ, ತಾಮ್ರ ಪಾತ್ರೆಗೆ ಹತ್ತಿಕೊಳ್ಳುತ್ತದೆ.

600 ಡಿಗ್ರಿ ನಮ್ಮ ಮನೆಯಲ್ಲೆಲ್ಲಿ ಎಂದು ಕೇಳಬಹುದು. ಬಚ್ಚಲೊಲೆಯಲ್ಲಿ ಉಂಟು! ಕೆಂಪಗೆ ಉರಿಯುವ ಕೆಂಡ 700ಕ್ಕೂ ಮೇಲೆ ಇರುತ್ತದೆ. ತುತ್ತಿನ ಖಾಲಿ ಚೀಲವನ್ನು ಒಲೆಗೆ ತುರುಕುವ ಅಭ್ಯಾಸ ಹಲವು ಕಡೆ ಕಂಡಿದ್ದೇನೆ. ಮೂಲೆಯಲ್ಲಿ ಉಳಿದ ಪುಡಿ, ಪ್ಲಾಸ್ಟಿಕ್ಕು ಎರಡೂ ಹೊಗೆಯಾಗಿ ನೀರು ಕಾಯಿಸುವವರ ಮೂಗಿಗೇ ಹೋಗುವುದು. ಚೀಲ ತೊಳೆದ ನೀರನ್ನು ದ್ರಾವಣಕ್ಕೇ ಸೇರಿಸಿ. ಚೀಲವನ್ನು ಸುಡಬೇಡಿ.

ಇನ್ನು, ಈ ಕೆಲಸದಲ್ಲಿ ನಿಜಕ್ಕೂ ಕುದಿಯುವುದು ಸುಣ್ಣ. ಶೇ. 1ರ ಬೋರ್ಡೋಗೆ 100 ಲೀಟರ್ ನೀರು, ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತು. ಆ ಸುಟ್ಟ ಸುಣ್ಣಕ್ಕೆ ಒಮ್ಮೆಲೇ ನೀರು ಸುರಿದರೆ ಒಲೆ ಇಲ್ಲದೆಯೇ ಕುದಿದು ಮುಖಕ್ಕೆ ಹಾರುತ್ತದೆ. ಸ್ವಲ್ಪಸ್ವಲ್ಪವೇ ನೀರು ಚಿಮುಕಿಸಿ ಅರಳಿಸಬೇಕು, ಮಕ್ಕಳನ್ನು ದೂರ ಕಳಿಸಬೇಕು. ಎರಡೂ ದ್ರಾವಣ ಪೂರ್ತಿ ತಣಿದ ಮೇಲೆಯೇ ಬೆರೆಸಬೇಕು.

ಕಣ್ಣಿಗೆ ಸುಣ್ಣವಾಗಲಿ ತುತ್ತಾಗಲಿ ಬಿದ್ದರೆ ಉಜ್ಜದೆ, ರೆಪ್ಪೆ ಬಿಡಿಸಿ ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ, ಆಮೇಲೆ ಡಾಕ್ಟರಲ್ಲಿಗೆ ಓಡಬೇಕು. ಮೊದಲು ನೀರು, ಆಮೇಲೆ ಜೀಪು. ಅದಕ್ಕೇ ನಾನು ಮದ್ದು ಬೆರೆಸುವ ಜಾಗದಲ್ಲಿ ಒಂದು ಕೊಡ ಒಳ್ಳೆ ನೀರು ಬೇರೆಯೇ ಇಡುತ್ತೇನೆ. ಕೆಲಸದವರಿಗೂ ಅದನ್ನು ತೋರಿಸಿಯೇ ಕೆಲಸ ಶುರು.