ಮೊಲೆ ಬಿಟ್ಟ ಕೂಸು

ತಮ್ಮಾ, ತಂಗೀ,

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಓದಿಗೆ, ಕೆಲಸಕ್ಕೆ ಎಂದು ಪುಣೆ, ಬೆಂಗಳೂರು ಸೇರಿದ ನೀವು ಹಬ್ಬಕ್ಕೆ ಊರಿಗೆ ಬಂದಾಗ ನನ್ನ ಹತ್ತಿರ ಕೂತು ಒಂದೇ ಮಾತು ಹೇಳುತ್ತೀರಿ: "ಕಾಕಾ, ಸಣ್ಣವರಿದ್ದಾಗಿನ ಆ ನಂಬಿಕಿ ಈಗ ಬರವಲ್ದು." ಸಂಡೇ ಸ್ಕೂಲಿನಲ್ಲಿ ಕಣ್ಣು ಮುಚ್ಚಿ ಕೇಳಿದ್ದು ಸಿಕ್ಕೇ ಸಿಗುತ್ತದೆ ಎಂದು ನಂಬಿದ್ದಿರಿ. ಈಗ ಪ್ರಾರ್ಥನೆಗೆ ಕೂತರೆ ಬಾಯಿ ಮಾತಾಡುತ್ತದೆ, ಮನಸ್ಸು ದೂರ ನಿಂತು ನೋಡುತ್ತದೆ. ಇದನ್ನು ಹೇಳುವಾಗ ನಿಮ್ಮ ಮುಖ ತಪ್ಪು ಮಾಡಿದವರ ಮುಖದ ಹಾಗಿರುತ್ತದೆ. ಅದನ್ನು ನೋಡಲಾರದೆ ಬರೆಯುತ್ತಿದ್ದೇನೆ.

131ನೆಯ ಕೀರ್ತನೆ ತೆಗೆಯಿರಿ. ಮೂರೇ ವಚನ. ದಾವೀದನು ತನ್ನ ಪ್ರಾಣವನ್ನು ತಾಯಿಯ ಬಳಿಯ ಕೂಸಿಗೆ ಹೋಲಿಸುತ್ತಾನೆ. ಎಂಥ ಕೂಸು? ಹಾಲು ಕುಡಿಯುವ ಕೂಸಲ್ಲ, ಮೊಲೆ ಬಿಡಿಸಿದ ಕೂಸು. ನಲವತ್ತು ವರ್ಷ ಆ ಮಾತನ್ನು ಓದಿ ದಾಟಿ ಹೋಗಿದ್ದೆ.

ನಮ್ಮ ಹಳ್ಳಿಗಳಲ್ಲಿ ಮೊಲೆ ಬಿಡಿಸಬೇಕಾದರೆ ಬೇವಿನ ಎಲೆ ಅರೆದು ಹಚ್ಚಿಕೊಳ್ಳುತ್ತಿದ್ದರು. ನನ್ನ ತಮ್ಮನಿಗೆ ಅವ್ವ ಹಾಗೆ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಓಡಿ ಬಂದು ಬಾಯಿ ಹಚ್ಚಿದವನು ಮುಖ ಕಿವುಚಿದ, ಅವ್ವನನ್ನು ಬಡಿದ, ನೆಲಕ್ಕೆ ಬಿದ್ದು ಹೊರಳಾಡಿದ. ಎರಡು ಮೂರು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಅವ್ವ ಹತ್ತಿರ ಕರೆದರೂ ಅವನು ಬರಲಿಲ್ಲ. ಆಮೇಲೆ ಒಂದು ಸಂಜೆ ತಾನಾಗಿಯೇ ಬಂದು ಅವಳ ಮಡಿಲಲ್ಲಿ ಮಲಗಿದ. ಸೆರಗು ಎಳೆಯಲಿಲ್ಲ, ಏನೂ ಕೇಳಲಿಲ್ಲ. ಅವನಿಗೆ ಅವ್ವ ಬೇಕಾಗಿದ್ದಳು, ಅಷ್ಟೇ.

ನನಗೆ ಬೇವು ತಾಗಿದ್ದು 2019ರ ಆಗಸ್ಟಿನಲ್ಲಿ. ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದ ಆ ದಿನಗಳು ನಿಮಗೂ ನೆನಪಿವೆ. ನೀರು ಹೊಸ್ತಿಲಿಗೆ ಬಂದಾಗ ಮೊಣಕಾಲೂರಿ, "ಅಪ್ಪಾ, ಇಲ್ಲಿಗೆ ನಿಲ್ಲಸು" ಎಂದು ಅತ್ತು ಕೇಳಿದೆ. ನೀರು ನಿಲ್ಲಲಿಲ್ಲ. ಹಿತ್ತಲ ಗೋಡೆ ಕುಸಿಯಿತು, ಜೋಳದ ಚೀಲ ಕೊಳೆತವು, ನಿಮ್ಮ ಕಾಕುವಿನ ಹೊಲಿಗೆ ಮಷೀನು ಹೋಯಿತು. ಗಂಜಿ ಕೇಂದ್ರದಲ್ಲಿ ಮಲಗಿದಷ್ಟು ದಿನ ದೇವರ ಜೊತೆ ಮಾತು ಬಿಟ್ಟಿದ್ದೆ. ಇಷ್ಟು ವರ್ಷ ಮಕ್ಕಳಿಗೆ ಏನು ಕಲಿಸಿದೆನೋ ಎಂದು ನಾಚಿಕೆಯೂ ಆಗುತ್ತಿತ್ತು. ಒಂದು ರಾತ್ರಿ ಎಚ್ಚರಾಗಿ ಕೂತಾಗ ಬಾಯಿಂದ "ಅಪ್ಪಾ" ಎಂದು ಬಂತು. ಮುಂದೆ ಕೇಳುವುದು ಏನೂ ಇರಲಿಲ್ಲ. ಹಾಗೇ ಒರಗಿ ನಿದ್ದೆ ಹೋದೆ. ಆಗ ತಮ್ಮನ ಆ ಸಂಜೆ ನೆನಪಾಯಿತು, ದಾವೀದನ ಕೂಸು ಯಾವುದೆಂದು ತಿಳಿಯಿತು.

ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ತಂದೆಯನ್ನು ಕರೆದದ್ದು "ಅಬ್ಬಾ" ಎಂದು. ಗ್ರೀಕಿನಲ್ಲಿ ಬರೆದ ಮಾರ್ಕನ ಸುವಾರ್ತೆ 14ನೆಯ ಅಧ್ಯಾಯದಲ್ಲಿ ಆ ಅರಾಮಿಕ್ ಮಾತನ್ನು ಹಾಗೆಯೇ ಉಳಿಸಿಕೊಂಡಿದೆ. ನಮ್ಮ "ಅಪ್ಪಾ"ಗೆ ಎಷ್ಟು ಹತ್ತಿರ ನೋಡಿ! ಸಂಕಟದ ಪಾತ್ರೆ ತನ್ನಿಂದ ತೊಲಗಲಿ ಎಂದು ಕೇಳಿಕೊಂಡ ರಾತ್ರಿಯ ಮಾತು ಅದು. ಪಾತ್ರೆ ತೊಲಗಲಿಲ್ಲ. ಮನೆಯ ಮಕ್ಕಳು ಕರೆಯುವ ಹಾಗೆ ಕರೆದವನು ಮೂವತ್ತು ದಾಟಿದ ಗಂಡಸು.

ಆದ್ದರಿಂದ ನೌಕರಿ ಸಿಗದಿದ್ದರೆ, ಮದುವೆ ಮುರಿದರೆ, ನಿಮ್ಮ ನಂಬಿಕೆ ಸಾಲದು ಎಂದು ಯಾರಾದರೂ ಮೈಕ್ ಹಿಡಿದು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿರಿ. ಇಷ್ಟು ಕಾಣಿಕೆಗೆ ಇಷ್ಟು ಆಶೀರ್ವಾದ ಎಂಬ ಲೆಕ್ಕ ಸಂತೆಯದು, ಮನೆಯದಲ್ಲ. ಸಿಟ್ಟು ಬಂದರೆ ಸಿಟ್ಟನ್ನೇ ಹೇಳಿರಿ. ಅದೂ ಅಯ್ಯನವರ ಗ್ರಂಥದ ಕನ್ನಡದಲ್ಲಿ ಬೇಡ, ಅವ್ವನ ಮುಂದೆ ಆಡುವ ಮಾತಿನಲ್ಲಿ: "ಅಪ್ಪಾ, ಅಂಜಿಕಿ ಆಗೇತಿ, ನೀ ಎಲ್ಲಿ ಅದೀ?"

ಹೆಚ್ಚು ಓದಿದರೆ ನಂಬಿಕೆ ಕರಗುತ್ತದೆ ಎಂದು ಕೆಲವು ಹಿರಿಯರು ನಿಮ್ಮನ್ನು ಹೆದರಿಸುತ್ತಾರೆ. ನಾನು ಒಪ್ಪುವುದಿಲ್ಲ. ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದರು. ಸರ್ವಜ್ಞನ ವಚನಗಳನ್ನು ಹುಡುಕಿ ಕೂಡಿಸಿ 1924ರಲ್ಲಿ ಅಚ್ಚಿಗೆ ತಂದರು, ಶರಣರ ಅನುಭವ ಮಂಟಪದ ಬಗ್ಗೆ ಬರೆದರು, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅಷ್ಟೆಲ್ಲ ಓದಿದವರು ಕ್ರಿಸ್ತನ ಕೈ ಬಿಡಲಿಲ್ಲ. ಪೌಲನೂ ಕೆಟ್ಟತನದಲ್ಲಿ ಮಾತ್ರ ಕೂಸುಗಳಾಗಿರಿ, ಬುದ್ಧಿಯಲ್ಲಿ ಬೆಳೆಯಿರಿ ಎಂಬ ಅರ್ಥದಲ್ಲಿಯೇ ಕೊರಿಂಥದವರಿಗೆ ಬರೆದ. ಪ್ರಶ್ನೆ ಕೇಳಿರಿ. ಕೇಳುವುದನ್ನು ಬಿಟ್ಟು ಸುಮ್ಮನೆ ತಲೆ ಆಡಿಸುವವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ.

ಹೊಳೆಯ ನೀರಲ್ಲಿ ತೊಯ್ದ ನನ್ನ ಸತ್ಯವೇದವನ್ನು ಮಾಳಿಗೆಯ ಮೇಲೆ ಒಣಗಿಸಿ ಇಟ್ಟುಕೊಂಡಿದ್ದೇನೆ. ಹಾಳೆ ಉಬ್ಬಿವೆ, ಕೀರ್ತನೆಗಳ ಅಂಚಿಗೆ ಇನ್ನೂ ಕೆಸರಿನ ಬಣ್ಣವಿದೆ. ಕ್ರಿಸ್ಮಸ್ಸಿಗೆ ಬಂದಾಗ ಅದರಲ್ಲೇ ಆ ಮೂರು ವಚನ ಕೂಡಿ ಓದೋಣ. ಬಸ್ಸು ತಡವಾದರೂ ನೇರ ಮನೆಗೆ ಬನ್ನಿರಿ. ನಿಮ್ಮ ಕಾಕು ರೊಟ್ಟಿ ಬಡಿದು ಇಟ್ಟಿರುತ್ತಾಳೆ.